ಶಿಲಾಸ್ಫೋಟದ ಹಾನಿ: ಕಲ್ಲು ಎತ್ತುವ ಮೊದಲೇ ಡಿಜಿಟಲ್ ದಾಖಲೆ ಮಾಡುವುದು ಹೇಗೆ

ಗಣಿಯ ಕಂಪನದಿಂದ ಸುರಂಗದ ಕಲ್ಲು ಒಡೆದು ಹಾನಿಯಾಗುವುದು ಶಿಲಾಸ್ಫೋಟ. ಅದಾದ ಡ್ರೈವಿನಲ್ಲಿ (ಗಣಿಯ ಸುರಂಗದಲ್ಲಿ) ಸಾಕ್ಷ್ಯ ಹೆಚ್ಚು ಹೊತ್ತು ಉಳಿಯುವುದಿಲ್ಲ. ಒಳಹೋಗಲು ಅನುಮತಿ ಸಿಕ್ಕ ಗಳಿಗೆಯಿಂದ ಲೋಡರ್ ಬಂದು ಕಲ್ಲು ಎತ್ತುವವರೆಗೆ ಹೆಚ್ಚೆಂದರೆ ಒಂದು ಪಾಳಿ. ಉತ್ಪಾದನೆಯ ಒತ್ತಡವಿದ್ದರೆ ಎರಡು ಮೂರು ಗಂಟೆ ಅಷ್ಟೆ. ಆಮೇಲೆ ಸಡಿಲ ಕಲ್ಲು ಕೆಡವುತ್ತಾರೆ, ಹೊಸ ಶಾಟ್‌ಕ್ರೀಟ್ (ಗೋಡೆಗೆ ಸಿಂಪಡಿಸುವ ಕಾಂಕ್ರೀಟ್) ಹೊಡೆಯುತ್ತಾರೆ, ಕಲ್ಲನ್ನು ಹಿಡಿದಿಡಲು ಕೊರೆದು ಹಾಕಿ ಈಗ ಮುರಿದಿರುವ ಬೋಲ್ಟುಗಳು ಕಲ್ಲಿನ ಜೊತೆಯಲ್ಲೇ ಹೊರಟುಹೋಗುತ್ತವೆ. ಮರುದಿನ ಹೋದವನಿಗೆ ಕಾಣುವುದು ರಿಪೇರಿಯೇ ಹೊರತು ಹಾನಿಯಲ್ಲ. ಸ್ಕ್ಯಾನರ್, ಟ್ಯಾಬ್ಲೆಟ್, ಸಾಫ್ಟ್‌ವೇರ್ ಎಲ್ಲವೂ ಈ ಕಿರಿದಾದ ಅವಧಿಯಲ್ಲಿ ಒಂದೇ ಭೇಟಿಗೆ ಕೆಲಸ ಮುಗಿಸಲು ಇರುವ ಸಾಧನಗಳು. ದುಬಾರಿ ಸ್ಕ್ಯಾನರ್ ಇದ್ದೂ ಫಾರ್ಮ್ ಸರಿಯಿಲ್ಲದ ಗಣಿಗಿಂತ, ಟೇಪು, ಫೋನು ಮತ್ತು ಒಳ್ಳೆಯ ಫಾರ್ಮ್ ಇರುವ ಗಣಿಯ ದಾಖಲೆಯೇ ಹತ್ತು ವರ್ಷದ ಮೇಲೂ ಉಪಯೋಗಕ್ಕೆ ಬರುತ್ತದೆ. ಹಾಗಾಗಿ ಇಲ್ಲಿ ಫಾರ್ಮಿಗೆ ಹೆಚ್ಚು ಜಾಗ ಕೊಟ್ಟಿದೆ.

ಎರಡು ವಿಷಯಗಳನ್ನು ಮೊದಲೇ ಬೇರ್ಪಡಿಸಿಕೊಳ್ಳಬೇಕು. ಭೂಕಂಪನ ಘಟನೆ ಬೇರೆ, ಶಿಲಾಸ್ಫೋಟ ಬೇರೆ. ಗಣಿಯ ಸಂವೇದಕ ಜಾಲ ದಿನಕ್ಕೆ ನೂರಾರು ಕಂಪನಗಳನ್ನು ಹಿಡಿಯಬಹುದು. ಅವುಗಳಲ್ಲಿ ಸುರಂಗಕ್ಕೆ ಪೆಟ್ಟು ಕೊಟ್ಟವು ಮಾತ್ರ ಶಿಲಾಸ್ಫೋಟ. ಒಂದೇ ಕಂಪನ ನಾಲ್ಕು ಕಡೆ ಹಾನಿ ಮಾಡಬಹುದು, ಎರಡು ಕಂಪನಗಳು ಸೇರಿ ಒಂದೇ ಜಾಗವನ್ನು ಕೆಡಿಸಬಹುದು. ಈ ಎರಡನ್ನೂ ಒಂದೇ ಕೋಷ್ಟಕದ ಒಂದೇ ಸಾಲಿನಲ್ಲಿ ತುರುಕಿದ ದಿನವೇ ದತ್ತಾಂಶ ಹಾಳಾಗಲು ಶುರುವಾಗುತ್ತದೆ.

ಘಟನೆಗೆ ಮುಂಚೆಯೇ ಕೈಯಲ್ಲಿರಬೇಕಾದದ್ದು

ಹಾನಿಯ ಆಳ ತಿಳಿಯಲು ಹಾನಿಗೆ ಮುಂಚೆ ಗೋಡೆ ಎಲ್ಲಿತ್ತು ಎಂಬುದು ಗೊತ್ತಿರಬೇಕು. ಆದ್ದರಿಂದ ಕಂಪನದ ಅಪಾಯವಿರುವ ಪ್ರತಿ ಡ್ರೈವಿನ ಆಧಾರ ಸ್ಕ್ಯಾನ್ ಮೊದಲ ಬಂಡವಾಳ. ಅದನ್ನು ಯಾವಾಗ ತೆಗೆದದ್ದು ಎಂಬುದು ಎಷ್ಟು ನಿಖರವಾಗಿ ತೆಗೆದದ್ದು ಎಂಬುದಕ್ಕಿಂತ ಮುಖ್ಯ. ಬ್ಲಾಸ್ಟ್ ಆದ ಕೂಡಲೇ ಬರಿ ಕಲ್ಲಿನ ಮೇಲೆ ತೆಗೆದ ಸ್ಕ್ಯಾನನ್ನು ಆಧಾರವಾಗಿಟ್ಟುಕೊಂಡರೆ, ನಂತರ ಹೊಡೆದ 75 ಅಥವಾ 100 ಮಿಲಿಮೀಟರ್ ಶಾಟ್‌ಕ್ರೀಟ್ ಹೋಲಿಕೆಯಲ್ಲಿ ‘ಗೋಡೆ ಒಳಗೆ ಬಂದಿದೆ’ ಎಂದು ಕಾಣುತ್ತದೆ. ಆಸರೆಯ, ಅಂದರೆ ಬೋಲ್ಟ್, ಜಾಲರಿ, ಶಾಟ್‌ಕ್ರೀಟಿನ ಕೆಲಸವೆಲ್ಲ ಮುಗಿದ ಮೇಲೆ ಒಮ್ಮೆ, ಆಮೇಲೆ ಪ್ರತಿ ರಿಪೇರಿಯ ನಂತರ ಒಮ್ಮೆ ಸ್ಕ್ಯಾನ್ ಮಾಡಿ. ಫೈಲಿನ ಹೆಸರಿನಲ್ಲೇ ಲೆವೆಲ್ (ಗಣಿಯ ಅಂತಸ್ತು), ಡ್ರೈವ್, ದಿನಾಂಕ ಮತ್ತು ‘ಬರಿಕಲ್ಲು’ ಅಥವಾ ‘ಆಸರೆಯ ನಂತರ’ ಎಂಬ ಗುರುತು ಇರಲಿ.

ಎರಡನೆಯದು ಸ್ಥಳಗಳ ಪಟ್ಟಿ. ನೆಲದಡಿಯಲ್ಲಿ ಜಿಪಿಎಸ್ ಇಲ್ಲ. ಫೋನ್ ಒಮ್ಮೊಮ್ಮೆ ಮೇಲೆ ಕಡೆಯದಾಗಿ ಹಿಡಿದ ಸ್ಥಾನವನ್ನೇ ಫೋಟೊಗೆ ಅಂಟಿಸಿಬಿಡುತ್ತದೆ; ಆಗ ಎಲ್ಲ ಹಾನಿಯೂ ಶಾಫ್ಟಿನ ಬಾಯಲ್ಲೇ ನಡೆದಂತೆ ನಕ್ಷೆಯಲ್ಲಿ ಕೂರುತ್ತದೆ. ಕ್ಯಾಮೆರಾದ ಸ್ಥಳ ಗುರುತು ಆರಿಸಿಬಿಡಿ. ಬದಲಿಗೆ ಸರ್ವೆ ವಿಭಾಗದಿಂದ ಪ್ರತಿ ಡ್ರೈವಿನ ಸರ್ವೆ ಗುರುತುಗಳ ಪಟ್ಟಿ ತಂದು ಫಾರ್ಮಿನೊಳಗೆ ಹಾಕಿ. ‘ಇಂಥ ಗುರುತಿನಿಂದ ಫೇಸ್ ಕಡೆಗೆ 14.5 ಮೀಟರ್’ (ಫೇಸ್ ಎಂದರೆ ಡ್ರೈವಿನ ಕೊರೆಯುತ್ತಿರುವ ತುದಿ) ಎಂದು ಬರೆದರೆ ಸಾಕು, ಗಣಿಯ ನಿರ್ದೇಶಾಂಕವನ್ನು ಕಚೇರಿಯಲ್ಲಿ ಲೆಕ್ಕ ಹಾಕಬಹುದು. ಡ್ರೈವಿನ ಹೆಸರನ್ನು ಕೈಯಲ್ಲಿ ಬರೆಯಲು ಬಿಡಬೇಡಿ. ಒಂದೇ ಡ್ರೈವಿಗೆ ನಾಲ್ಕು ಬಗೆಯ ಕಾಗುಣಿತ ಬಂದಮೇಲೆ ಹುಡುಕಾಟದಲ್ಲಿ ಅದು ನಾಲ್ಕು ಡ್ರೈವ್ ಆಗುತ್ತದೆ.

ಜೊತೆಗೆ ಒಂದು ಚೀಲವನ್ನು ಸದಾ ಸಿದ್ಧವಾಗಿಡಿ: ಧೂಳು, ನೀರು ತಾಳುವ ಫೋನ್ ಅಥವಾ ಟ್ಯಾಬ್ಲೆಟ್ ಎರಡು, ಪವರ್ ಬ್ಯಾಂಕ್, ಲೇಸರ್ ದೂರಮಾಪಕ, 1 ಮೀಟರ್ ಅಳತೆ ಪಟ್ಟಿ ಮೂರು, 30 ಮೀಟರ್ ಟೇಪು, ಸ್ಪ್ರೇ ಬಣ್ಣ, ಪ್ರತಿಫಲಕ ಗುರಿಫಲಕ ಆರು, ಅಗಲ ಬೆಳಕಿನ ದೀಪ ಎರಡು, ಲೆನ್ಸ್ ಒರೆಸಲು ಒಣಬಟ್ಟೆ, ಮುರಿದ ಬೋಲ್ಟಿನ ತುಂಡು ಹಾಕಿಕೊಳ್ಳಲು ದಪ್ಪ ಚೀಲಗಳು. ಒಣಬಟ್ಟೆಯನ್ನು ಕ್ಷುಲ್ಲಕವೆಂದು ಬಿಟ್ಟುಹೋಗುವವರೇ ಹೆಚ್ಚು. ಬಿಸಿಯಾದ ಆಳದ ಲೆವೆಲ್ಲಿಗೆ ತಂಪಾದ ಕ್ಯಾಮೆರಾ ಒಯ್ದರೆ ಮೊದಲ ಹದಿನೈದು ನಿಮಿಷದ ಫೋಟೊಗಳೆಲ್ಲ ಮಂಜು ಮಂಜು. ಕಲ್ಲಿದ್ದಲು ಗಣಿ ಅಥವಾ ಉರಿಯುವ ಅನಿಲ ಬರುವ ಯಾವ ಗಣಿಯಲ್ಲೇ ಆಗಲಿ, ಕಿಡಿ ಅಪಾಯವಿಲ್ಲವೆಂದು ಪ್ರಮಾಣೀಕೃತವಾಗದ ಫೋನ್, ಸ್ಕ್ಯಾನರ್, ದೀಪ ಒಳಗೆ ಹೋಗಕೂಡದು. ಅಂಥಲ್ಲಿ ಪ್ರಮಾಣೀಕೃತ ಕ್ಯಾಮೆರಾ ಮತ್ತು ಕಾಗದದ ಫಾರ್ಮೇ ದಾರಿ. ಮೇಲೆ ಬಂದು ತುಂಬಿಸಿ.

ಫಾರ್ಮ್ ಕಟ್ಟುವುದು

ಫೋನಿನಲ್ಲೇ ಫಾರ್ಮ್ ತುಂಬಿಸುವ ಸಾಫ್ಟ್‌ವೇರುಗಳಾದ ಓಡಿಕೆ ಕಲೆಕ್ಟ್, ಕೋಬೊ ಟೂಲ್‌ಬಾಕ್ಸ್, ಕ್ಯೂಫೀಲ್ಡ್ ಈ ಮೂರರಲ್ಲಿ ಯಾವುದಾದರೂ ಆದೀತು. ಮೂರೂ ಸಂಪರ್ಕವಿಲ್ಲದೆ ಕೆಲಸ ಮಾಡುತ್ತವೆ. ಮೇಲೆ ಬಂದು ವೈಫೈ ಸಿಕ್ಕಮೇಲೆ ಸರ್ವರಿಗೆ ಕಳಿಸಿದರಾಯಿತು. ಡ್ರೈವುಗಳ ನಕ್ಷೆಯ ಮೇಲೆಯೇ ಬೆರಳಿಟ್ಟು ಗುರುತಿಸಬೇಕು ಎನ್ನುವವರು ಕ್ಯೂಫೀಲ್ಡ್ ತೆಗೆದುಕೊಳ್ಳಿ, ಏಕೆಂದರೆ ಅದು ಕ್ಯೂಜಿಐಎಸ್ ಎಂಬ ನಕ್ಷೆ ಸಾಫ್ಟ್‌ವೇರಿನ ಯೋಜನೆಯನ್ನೇ ಫೋನಿಗೆ ತರುತ್ತದೆ. ಪ್ರಶ್ನೆಗಳ ತರ್ಕ ಮುಖ್ಯ ಎನ್ನುವವರಿಗೆ ಮೊದಲೆರಡು ಸಲೀಸು: ಫಾರ್ಮ್ ಒಂದು ಎಕ್ಸೆಲ್ ಹಾಳೆ ಅಷ್ಟೆ. ಒಂದು ಕಾಲಂ ಪ್ರಶ್ನೆಯ ಬಗೆ, ಇನ್ನೊಂದು ಹೆಸರು, ಮತ್ತೊಂದು ಉತ್ತರದ ಮಿತಿ, ಮಗದೊಂದು ಯಾವಾಗ ಕಾಣಬೇಕು ಎಂಬ ಷರತ್ತು.

ರಚನೆ ಮೂರು ಹಂತದ್ದು. ಮೇಲೆ ಭೇಟಿ: ಯಾರು, ಯಾವಾಗ, ಯಾವ ಘಟನೆಯ ಅನುಮಾನ. ಅದರಡಿ ಹಾನಿಯ ಜಾಗಗಳು, ಒಂದೊಂದು ಜಾಗಕ್ಕೆ ಒಂದೊಂದು ದಾಖಲೆ. ಇದಕ್ಕೆ ಪುನರಾವರ್ತಿಸುವ ಗುಂಪು, ಅಂದರೆ ಬೇಕಾದಷ್ಟು ಸಲ ತುಂಬಬಹುದಾದ ಪ್ರಶ್ನೆಗಳ ಕಂತೆ, ಬಳಸಿ. ಅದರಡಿ ಫೋಟೊಗಳು ಮತ್ತು ಬೋಲ್ಟಿನ ವಿವರ. ಕೋಬೊದಿಂದ ಹೊರತೆಗೆದಾಗ ಪುನರಾವರ್ತಿತ ಗುಂಪು ಬೇರೆ ಹಾಳೆಯಾಗಿ, ತಾಯಿ ದಾಖಲೆಯ ಕ್ರಮಸಂಖ್ಯೆಯೊಂದಿಗೆ ಬರುತ್ತದೆ. ಆ ಸಂಖ್ಯೆಯ ಕಾಲಂ ಅಳಿಸಿದರೆ ಯಾವ ಹಾನಿ ಯಾವ ಭೇಟಿಯದು ಎಂಬುದು ಶಾಶ್ವತವಾಗಿ ಕಳೆದಂತೆ.

ಪ್ರತಿ ಹಾನಿ ಜಾಗಕ್ಕೆ ಈ ವಿವರಗಳು ಕಡ್ಡಾಯವಾಗಿರಲಿ:

- ಸರ್ವೆ ಗುರುತಿನಿಂದ ಹಾನಿ ಶುರುವಾಗುವ ಮತ್ತು ಮುಗಿಯುವ ದೂರ, ಮೀಟರಿನಲ್ಲಿ, ಒಂದು ದಶಮಾಂಶದವರೆಗೆ
- ಅಡ್ಡಕೊಯ್ತದಲ್ಲಿ ಎಲ್ಲಿ: ಛಾವಣಿ, ಎಡ ಭುಜ, ಬಲ ಭುಜ, ಎಡ ಗೋಡೆ, ಬಲ ಗೋಡೆ, ನೆಲ, ಫೇಸ್. ಎಡ ಬಲ ಎಂದರೆ ಫೇಸ್ ಕಡೆಗೆ ಮುಖ ಮಾಡಿ ನಿಂತಾಗ ಎಂದು ಫಾರ್ಮಿನಲ್ಲೇ ಬರೆದಿರಲಿ
- ಅತಿ ಹೆಚ್ಚು ಆಳ ಮತ್ತು ಸರಾಸರಿ ಆಳ, ಮೂಲ ಗೋಡೆಗೆ ಲಂಬವಾಗಿ. ಜೊತೆಗೆ ‘ಅಳೆದದ್ದು’ ಅಥವಾ ‘ಕಣ್ಣಂದಾಜು’
- ಕದಲಿದ ಕಲ್ಲಿನ ಟನ್ ವರ್ಗ ಮತ್ತು ಆಸರೆಯ ಹಾನಿಯ ವರ್ಗ, ಬೇರೆ ಬೇರೆಯಾಗಿ
- ಇದ್ದ ಆಸರೆ: ಬೋಲ್ಟಿನ ಬಗೆ, ಉದ್ದ, ಅಂತರ, ಜಾಲರಿ, ಶಾಟ್‌ಕ್ರೀಟಿನ ದಪ್ಪ, ಹಾಕಿದ ತಿಂಗಳು
- ಹಾನಿಯ ಬಗೆ: ಕಲ್ಲು ಉಬ್ಬಿದ್ದು, ಚಿಮ್ಮಿದ್ದು, ಅಲುಗಿ ಉದುರಿದ್ದು, ಗೊತ್ತಾಗಲಿಲ್ಲ
- ಕಲ್ಲಿನ ಜಾತಿ, ಹತ್ತಿರದ ಬಿರುಕು ಅಥವಾ ಎರಡು ಶಿಲೆಗಳು ಕೂಡುವ ಗೆರೆ, ಅದರ ಓರೆ

ಆಳಕ್ಕೆ 0ಯಿಂದ 10 ಮೀಟರ್, ಬೋಲ್ಟಿನ ಅಂತರಕ್ಕೆ 0.5ರಿಂದ 3 ಮೀಟರ್ ಎಂಬಂಥ ಮಿತಿ ಹಾಕಿ. ಸೆಂಟಿಮೀಟರಿನಲ್ಲಿ ಯೋಚಿಸಿ 60 ಎಂದು ತುಂಬಿಸುವವನನ್ನು ಮಿತಿ ಅಲ್ಲೇ ತಡೆಯುತ್ತದೆ. ‘ಗೊತ್ತಾಗಲಿಲ್ಲ’ ಎಂಬ ಆಯ್ಕೆ ಎಲ್ಲ ಕಡ್ಡಾಯ ಪ್ರಶ್ನೆಗೂ ಇರಲೇಬೇಕು. ಇಲ್ಲದಿದ್ದರೆ ಜನ ಮುಂದೆ ಹೋಗಲಿಕ್ಕಾಗಿ ಏನಾದರೊಂದು ಒತ್ತುತ್ತಾರೆ, ಆ ಸುಳ್ಳು ನಿಜದಂತೆಯೇ ಕೂರುತ್ತದೆ. ಫಾರ್ಮನ್ನು ಕೈಗವಸು ಹಾಕಿಕೊಂಡು, ಕ್ಯಾಪ್‌ಲ್ಯಾಂಪ್ ಬೆಳಕಲ್ಲಿ ಒಮ್ಮೆ ತುಂಬಿ ನೋಡಿ. ಒಂದು ಜಾಗಕ್ಕೆ ಎಂಟು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಪ್ರಶ್ನೆ ಕಡಿಮೆ ಮಾಡಿ. ಕಚೇರಿಯಲ್ಲಿ ಕುಳಿತು ಸಿಗುವ ಮಾಹಿತಿಯನ್ನು, ಅಂದರೆ ಕೊನೆಯ ಬ್ಲಾಸ್ಟ್ ಯಾವಾಗ, ಭೂಮಟ್ಟದಿಂದ ಎಷ್ಟು ಆಳ, ಹತ್ತಿರದ ಸ್ಟೋಪ್ (ಅದಿರು ತೆಗೆಯುವ ಜಾಗ) ಎಷ್ಟು ದೂರ ಎಂಬುದನ್ನು ಕೆಳಗೆ ಕೇಳುವುದು ಸಮಯ ಹಾಳು.

ಟನ್ ವರ್ಗಕ್ಕೆ ಗಟ್ಟಿಶಿಲೆಯ ಗಣಿಗಳಲ್ಲಿ ರೂಢಿಯಲ್ಲಿರುವ ಐದು ಮೆಟ್ಟಿಲೇ ಸಾಕು: ಆರ್1 ಹಾನಿಯಿಲ್ಲ ಅಥವಾ ಅಲ್ಪಸ್ವಲ್ಪ ಸಡಿಲ, ಆರ್2 ಒಂದು ಟನ್ನಿನೊಳಗೆ, ಆರ್3 1ರಿಂದ 10 ಟನ್, ಆರ್4 10ರಿಂದ 100, ಆರ್5 ನೂರಕ್ಕೂ ಹೆಚ್ಚು. ಮೆಟ್ಟಿಲು ಹತ್ತು ಪಟ್ಟಿನದಾದ್ದರಿಂದ ಅವಸರದ ಅಂದಾಜೂ ಹೆಚ್ಚುಕಡಿಮೆ ಸರಿಯಾದ ಮನೆಯಲ್ಲೇ ಬೀಳುತ್ತದೆ. ಆಸರೆಯ ಹಾನಿಯನ್ನು ಅದಕ್ಕೆಂದೇ ಇರುವ ಎಸ್ ವರ್ಗದ ಮೆಟ್ಟಿಲುಗಳಲ್ಲಿ ಬೇರೆಯಾಗಿ ಬರೆಯಿರಿ. ಜಾಲರಿಯ ಹಿಂದೆ ಮೂರು ಟನ್ ಕಲ್ಲು ಒಡೆದು ನಿಂತಿದ್ದು ಒಂದು ಬೋಲ್ಟೂ ಮುರಿದಿಲ್ಲವೆಂದರೆ ಅದು ಆಸರೆ ಗೆದ್ದ ಕತೆ. ಎರಡನ್ನೂ ‘ಮಧ್ಯಮ ಹಾನಿ’ ಎಂದು ಒಂದೇ ಪದದಲ್ಲಿ ಮುಗಿಸಿದರೆ ಆ ಗೆಲುವು ದಾಖಲೆಯಲ್ಲಿ ಸಿಗುವುದಿಲ್ಲ.

ಒಳಗೆ ಹೋಗುವಾಗ

ಪುನಃಪ್ರವೇಶದ ತೀರ್ಮಾನ ದಾಖಲೆ ಮಾಡುವವರದಲ್ಲ. ದೊಡ್ಡ ಘಟನೆಯ ನಂತರದ ಕಿರುಕಂಪನಗಳ ದರ ಇಳಿದು ಮಾಮೂಲು ಮಟ್ಟಕ್ಕೆ ಬರುವವರೆಗೆ, ಭೂತಾಂತ್ರಿಕ ವಿಭಾಗ ಲಿಖಿತವಾಗಿ ಬಿಡುವವರೆಗೆ ಯಾವ ಫೋಟೊಕ್ಕೂ ಬೆಲೆಯಿಲ್ಲ. ಬಿಟ್ಟ ಮೇಲೂ ಅಖಂಡ ಆಸರೆಯ ಕೆಳಗಿಂದಲೇ ಕೆಲಸ. ಮೇಲೆ ಆಸರೆ ಹೋದ ಜಾಗಕ್ಕೆ ಕೋಲಿಗೆ ಕಟ್ಟಿದ ಸ್ಕ್ಯಾನರ್, ಡ್ರೋನ್ ಅಥವಾ ದೂರದ ಲೇಸರ್ ಹೋಗಲಿ, ಮನುಷ್ಯ ಬೇಡ.

ಹೊರಡುವ ಮುನ್ನ ಫೋನಿನ ಗಡಿಯಾರವನ್ನು ಕಂಪನ ಸರ್ವರಿನ ಗಡಿಯಾರದ ಪಕ್ಕ ಹಿಡಿದು ಒಂದು ಫೋಟೊ ತೆಗೆದುಕೊಳ್ಳಿ. ಸರ್ವರ್ ಜಾಗತಿಕ ಸಮಯದಲ್ಲಿ, ಪಾಳಿ ವರದಿ ಸ್ಥಳೀಯ ಸಮಯದಲ್ಲಿ ಇದ್ದು, ಇದನ್ನು ಯಾರೂ ಗಮನಿಸದೆ ಹಾನಿಯನ್ನು ಬೇರೆಯದೇ ಘಟನೆಗೆ ಕಟ್ಟಿಬಿಡುವುದು ಈ ಕೆಲಸದ ಅತಿ ಮಾಮೂಲಿ ತಪ್ಪು.

ನಡೆಯುವ ಕ್ರಮ ಹೀಗಿರಲಿ. ಹಾನಿಯಿಲ್ಲದ ಕಡೆಯಿಂದ ಶುರುಮಾಡಿ, ಹಾನಿಯ ಮೂಲಕ, ಸುರಕ್ಷಿತವಾಗಿದ್ದರೆ ಆಚೆ ಬದಿಯ ಹಾನಿಯಿಲ್ಲದ ಜಾಗದವರೆಗೆ. ಎರಡೂ ಕಡೆ ಕನಿಷ್ಠ ಡ್ರೈವಿನ ಅಗಲದ ಎರಡರಷ್ಟು ಉದ್ದವನ್ನು ‘ಹಾನಿಯಿಲ್ಲ’ ಎಂದು ದಾಖಲಿಸಿ, ಅಲ್ಲಿನ ಆಸರೆಯ ವಿವರದ ಸಮೇತ. ಎಲ್ಲರೂ ಬಿಡುವುದು ಇದನ್ನೇ. ಆದರೆ ದಾಖಲೆಯ ಅರ್ಧ ಬೆಲೆ ಇಲ್ಲಿದೆ. ಅದೇ ಕಂಪನ ತಾಗಿಯೂ ಯಾವ ಆಸರೆ ನಿಂತಿತು ಎಂಬುದು ಗೊತ್ತಿಲ್ಲದಿದ್ದರೆ, ಬಿದ್ದ ಆಸರೆಯ ಪಟ್ಟಿಯೊಂದರಿಂದ ಏನನ್ನೂ ತೀರ್ಮಾನಿಸಲಾಗದು. ಇಡೀ ಲೆವೆಲ್ಲಿನಲ್ಲಿ ಒಂದೇ ಬಗೆಯ ಬೋಲ್ಟ್ ಹಾಕಿದ್ದರೆ ಬಿದ್ದದ್ದೆಲ್ಲ ಆ ಬೋಲ್ಟಿನ ಜಾಗವೇ ಆಗಿರುತ್ತದೆ, ನಿಂತದ್ದೂ ಅದೇ. ಅದೇ ಲೆವೆಲ್ಲಿನ ಉಳಿದ ಡ್ರೈವುಗಳನ್ನೂ ನಡೆದು ನೋಡಿ ‘ನೋಡಿದೆ, ಹಾನಿಯಿಲ್ಲ’ ಎಂದೂ, ನೋಡದಿದ್ದರೆ ‘ನೋಡಿಲ್ಲ’ ಎಂದೂ ಬರೆಯಿರಿ. ಖಾಲಿ ಬಿಟ್ಟರೆ ಓದುವವನಿಗೆ ಎರಡೂ ಒಂದೇ.

ಫೋಟೊ ಮತ್ತು ಬೋಲ್ಟು

ಪ್ರತಿ ಜಾಗಕ್ಕೂ ದೂರದ್ದೊಂದು, ನಡುವಿನದೊಂದು, ಹತ್ತಿರದವು ಬೇಕಾದಷ್ಟು. ದೂರದ ಫೋಟೊದಲ್ಲಿ ಗುರುತು ಸಿಗುವ ಏನಾದರೂ ಇರಲಿ: ಸರ್ವೆ ಗುರುತಿನ ಫಲಕ, ಗೋಡೆಗೆ ಬರೆದ ದೂರ. ಅಳತೆ ಪಟ್ಟಿಯನ್ನು ಹಾನಿಯಾದ ಮೇಲ್ಮೈಯಲ್ಲೇ ಇಡಬೇಕು. ಮುಂದೆ ಎರಡು ಮೀಟರ್ ಹತ್ತಿರ ಹಿಡಿದರೆ ಅಳತೆ ಸುಳ್ಳಾಗುತ್ತದೆ. ಧೂಳಿರುವಾಗ ಫೋನಿನ ಫ್ಲ್ಯಾಶ್ ಹಾಕಿದರೆ ಚಿತ್ರದ ತುಂಬ ಬಿಳಿ ಚುಕ್ಕೆ. ದೀಪವನ್ನು ಕ್ಯಾಮೆರಾದಿಂದ ಒಂದೆರಡು ಮೀಟರ್ ಪಕ್ಕಕ್ಕೆ ಸರಿಸಿ, ಓರೆಯಾಗಿ ಬೆಳಕು ಬೀಳಲಿ. ಆಗ ಧೂಳು ಕಾಣುವುದಿಲ್ಲ, ಶಾಟ್‌ಕ್ರೀಟಿನ ಕೂದಲೆಳೆಯ ಬಿರುಕೂ ನೆರಳಿನಿಂದ ಎದ್ದು ಕಾಣುತ್ತದೆ.

ಫೋಟೊಗಳನ್ನು ಚಾಟ್ ಆ್ಯಪಿನಲ್ಲಿ ಕಳಿಸಿ ಅಲ್ಲಿಂದ ಇಳಿಸಿಕೊಳ್ಳುವ ಅಭ್ಯಾಸ ಬಿಡಿ. ಚಿತ್ರ ಕುಗ್ಗುತ್ತದೆ, ತೆಗೆದ ಸಮಯದ ಒಳಮಾಹಿತಿ ಅಳಿದುಹೋಗುತ್ತದೆ. ಫಾರ್ಮಿನೊಳಗಿಂದಲೇ ತೆಗೆದ ಫೋಟೊ ತಾನಾಗಿ ಆ ಜಾಗದ ದಾಖಲೆಗೆ ಅಂಟಿಕೊಂಡಿರುತ್ತದೆ.

ಮುರಿದ ಬೋಲ್ಟು ಸಾಕಷ್ಟು ಹೇಳುತ್ತದೆ, ಓದುವುದು ಗೊತ್ತಿದ್ದರೆ. ಮುರಿದ ತುದಿ ಸಣ್ಣಗಾಗಿ ಬಟ್ಟಲಿನಂತೆ ಆಗಿದ್ದರೆ ಅದು ಎಳೆತಕ್ಕೆ ಹೋದದ್ದು, ಉಕ್ಕು ತನ್ನ ಶಕ್ತಿಯನ್ನೆಲ್ಲ ಕೊಟ್ಟು ಸೋತದ್ದು. ಓರೆಯಾಗಿ, ಬಾಗಿ ಕತ್ತರಿಸಿದಂತಿದ್ದರೆ ಕಲ್ಲಿನ ಪದರ ಜಾರಿದ್ದು. ಚಪ್ಪಟೆಯಾಗಿ, ಅರ್ಧ ತುಕ್ಕು ಅರ್ಧ ಹೊಳಪಾಗಿದ್ದರೆ ಮೊದಲೇ ಬಿರುಕಿತ್ತು. ಬೋಲ್ಟ್ ಪೂರ್ತಿ ಇದ್ದು ಪ್ಲೇಟ್ ಮಾತ್ರ ಹಾರಿದ್ದರೆ ದುರ್ಬಲ ಕೊಂಡಿ ನಟ್ಟು ಅಥವಾ ಪ್ಲೇಟಿನದು. ಬೋಲ್ಟಿನ ಉದ್ದ ಹೆಚ್ಚಿಸಿ ಪ್ರಯೋಜನವಿಲ್ಲ. ಬೋಲ್ಟನ್ನು ಕಲ್ಲಿಗೆ ಅಂಟಿಸುವ ರಾಳದ ಹೊದಿಕೆಯ ಸಮೇತ ನುಣ್ಣಗೆ ಹೊರಬಂದಿದ್ದರೆ ರಾಳ ಸರಿಯಾಗಿ ಬೆರೆತಿಲ್ಲ. ಘರ್ಷಣೆಯಿಂದಲೇ ಕಲ್ಲನ್ನು ಹಿಡಿಯುವ ಕೊಳವೆ ಬೋಲ್ಟುಗಳಲ್ಲಿ ಎಷ್ಟು ಜಾರಿ ಹೊರಬಂದಿದೆ ಎಂಬುದನ್ನು ಮಿಲಿಮೀಟರಿನಲ್ಲಿ ಅಳೆಯಿರಿ. ಪ್ರತಿ ಜಾಗದಲ್ಲೂ ನಾಲ್ಕು ಎಣಿಕೆ ಬೇಕು: ಒಟ್ಟು ಬೋಲ್ಟು, ಮುರಿದವು, ಪ್ಲೇಟ್ ಕಳೆದವು, ಉಳಿದವು. ಮುರಿದದ್ದು ಗೋಡೆಯ ಮೇಲ್ಮೈಯಿಂದ ಎಷ್ಟು ಒಳಗೆ ಎಂಬುದೂ ಇರಲಿ. ಎರಡು ಮೂರು ತುಂಡುಗಳನ್ನು ಗುರುತು ಚೀಟಿ ಕಟ್ಟಿ ಚೀಲಕ್ಕೆ ಹಾಕಿ. ಒದ್ದೆಯಾಗಿ ಬಿಟ್ಟರೆ ಮುರಿದ ಮೇಲ್ಮೈ ಒಂದೆರಡು ದಿನದಲ್ಲೇ ತುಕ್ಕು ಹಿಡಿದು ಓದಲು ಬಾರದಂತಾಗುತ್ತದೆ. ಜಾಲರಿಯಲ್ಲಿ ಬೆಸುಗೆ ಬಿಟ್ಟಿತೇ, ತಂತಿ ತುಂಡಾಯಿತೇ, ಎರಡು ಹಾಳೆಗಳ ಜೋಡಣೆ ಬಿಚ್ಚಿತೇ ನೋಡಿ. ಶಾಟ್‌ಕ್ರೀಟ್ ಒಡೆದ ಅಂಚಿನಲ್ಲಿ ಅದರ ನಿಜವಾದ ದಪ್ಪ ಅಳೆಯಲು ಸಿಗುವ ಅವಕಾಶ ಅಪರೂಪದ್ದು. ಐದು ಕಡೆ ಅಳೆಯಿರಿ. ನಕ್ಷೆಯಲ್ಲಿ ಬರೆದ ದಪ್ಪಕ್ಕೂ ಇದಕ್ಕೂ ಎಷ್ಟೋ ಸಲ ಹೊಂದುವುದಿಲ್ಲ.

ಸ್ಕ್ಯಾನ್

ಕೈಯಲ್ಲಿ ಹಿಡಿದು ನಡೆಯುವ ಲೈಡಾರ್ (ಲೇಸರಿನಿಂದ ದೂರ ಅಳೆಯುವ) ಸ್ಕ್ಯಾನರುಗಳು ನಡೆಯುತ್ತಲೇ ತಮ್ಮ ಸ್ಥಾನವನ್ನು ತಾವೇ ಲೆಕ್ಕ ಹಾಕಿಕೊಳ್ಳುತ್ತವೆ. ನೂರು ಮೀಟರ್ ಡ್ರೈವನ್ನು ಹತ್ತು ನಿಮಿಷದಲ್ಲಿ ಹಿಡಿಯಬಹುದು. ನಿಖರತೆ ಸಾಮಾನ್ಯವಾಗಿ 1ರಿಂದ 3 ಸೆಂಟಿಮೀಟರ್. ಶಿಲಾಸ್ಫೋಟದ ಆಳ ಅಳೆಯಲು ಇಷ್ಟು ಧಾರಾಳ. ಶಾಟ್‌ಕ್ರೀಟಿನ ಮಿಲಿಮೀಟರ್ ಉಬ್ಬು ಬೇಕೆಂದರೆ ಮುಕ್ಕಾಲಿಯ ಮೇಲೆ ನಿಲ್ಲುವ ಸ್ಕ್ಯಾನರ್ ಬೇಕು. 2020ರ ಐಫೋನ್ 12 ಪ್ರೊದಿಂದ ಶುರುವಾಗಿ ಪ್ರೊ ಮಾದರಿಗಳಲ್ಲಿರುವ ಲೈಡಾರ್ ಸುಮಾರು 5 ಮೀಟರ್ ದೂರದವರೆಗೆ ಮಾತ್ರ ಕಾಣುತ್ತದೆ. ಒಂದು ಸಣ್ಣ ಹೊಂಡದ ಗಾತ್ರಕ್ಕೆ ಅದು ಪರವಾಗಿಲ್ಲ, ಇಪ್ಪತ್ತು ಮೀಟರಿಗಿಂತ ಉದ್ದದ ಡ್ರೈವಿಗೆ ನೆಚ್ಚಬೇಡಿ, ಬಾಗಿಕೊಳ್ಳುತ್ತದೆ.

ನಡಿಗೆಯ ಕ್ರಮ: ಶುರುಮಾಡಿದ ಜಾಗಕ್ಕೇ ಮರಳಿ ಬಂದು ಮುಗಿಸಿ. ಹೋದ ದಾರಿ ಬಂದ ದಾರಿ ಕೂಡಿಕೊಂಡಾಗ ಸಾಫ್ಟ್‌ವೇರ್ ದಾರಿಯಲ್ಲಿ ಕೂಡಿಕೊಂಡ ತಪ್ಪನ್ನು ಹಂಚಿ ತಿದ್ದುತ್ತದೆ. ವೇಗ ಸೆಕೆಂಡಿಗೆ ಒಂದು ಮೀಟರಿನೊಳಗೆ. ತಿರುವಿನಲ್ಲಿ ಇನ್ನೂ ನಿಧಾನ. ಗುರಿಫಲಕಗಳನ್ನು ಹಾನಿಯ ಎರಡೂ ಬದಿಯ ಗಟ್ಟಿ ಗೋಡೆಯಲ್ಲಿ, ಬದಿಗೆ ಮೂರರಂತೆ ಅಂಟಿಸಿ ಸರ್ವೆ ಗುರುತಿಗೆ ಕಟ್ಟಿ. ಹಾನಿಯಾದ ಗೋಡೆಗೆ ಅಂಟಿಸಿದ ಫಲಕ ಕಲ್ಲಿನ ಜೊತೆ ಚಲಿಸಿರುವುದರಿಂದ ಅದು ಆಧಾರವೇ ಅಲ್ಲ. ನುಣುಪು ಶಾಟ್‌ಕ್ರೀಟಿನ ನೇರ ಡ್ರೈವಿನಲ್ಲಿ ಸ್ಕ್ಯಾನರಿಗೆ ಹಿಡಿಯಲು ಏನೂ ಸಿಗದೆ ಉದ್ದವನ್ನೇ ಕಡಿಮೆ ತೋರಿಸುತ್ತದೆ. ಅಲ್ಲಲ್ಲಿ ಡಬ್ಬಿ, ಕೋನ್ ಇಟ್ಟರೆ ಸರಿಹೋಗುತ್ತದೆ. ಗಾಳಿಯ ಬಟ್ಟೆ ಕೊಳವೆ ಅಲುಗುತ್ತಿದ್ದರೆ ಸಾಧ್ಯವಾದರೆ ಸ್ವಲ್ಪ ಹೊತ್ತು ಫ್ಯಾನ್ ನಿಲ್ಲಿಸಲು ಕೇಳಿ. ಆಗದಿದ್ದರೆ ಆ ಭಾಗವನ್ನು ಆಮೇಲೆ ಕತ್ತರಿಸಿ ತೆಗೆಯಿರಿ.

ಸ್ಕ್ಯಾನರ್ ಇಲ್ಲದಿದ್ದರೆ ಫೋಟೊಗಳಿಂದಲೇ ಮೂರು ಆಯಾಮದ ಮಾದರಿ ಕಟ್ಟಬಹುದು. ಜೂಮ್ ಮುಟ್ಟದೆ, ಪಕ್ಕಪಕ್ಕದ ಚಿತ್ರಗಳು 70ರಿಂದ 80 ಶೇಕಡಾ ಒಂದರ ಮೇಲೊಂದು ಬರುವಂತೆ, ನಿಂತಲ್ಲಿಂದಲೇ ತಿರುಗದೆ ಪಕ್ಕಕ್ಕೆ ಹೆಜ್ಜೆ ಹಾಕುತ್ತ ತೆಗೆಯಿರಿ. ಮೂರು ಅಳತೆ ಪಟ್ಟಿಗಳು ಬೇರೆ ಬೇರೆ ದಿಕ್ಕಿನಲ್ಲಿ ಚಿತ್ರದೊಳಗಿರಲಿ. ಕ್ಯಾಪ್‌ಲ್ಯಾಂಪಿನ ಬೆಳಕಿನ ವೃತ್ತ ಚಿತ್ರದಿಂದ ಚಿತ್ರಕ್ಕೆ ಜರುಗಿದರೆ ಸಾಫ್ಟ್‌ವೇರ್ ಹೊಂದಿಸಲಾರದು. ತೆಗೆಯುವಾಗ ಅದನ್ನು ಆರಿಸಿ, ದೀಪ ನೆಲಕ್ಕೆ ನಿಲ್ಲಿಸಿ.

ಹೋಲಿಕೆ ಮತ್ತು ಲೆಕ್ಕ

ಸ್ಕ್ಯಾನ್ ಕೊಡುವ ಬಿಂದುಗಳ ರಾಶಿಗೆ ಮೋಡ ಎನ್ನುತ್ತಾರೆ. ಮೋಡಗಳನ್ನು ಹೋಲಿಸುವ ಕ್ಲೌಡ್‌ಕಂಪೇರ್ ಸಾಫ್ಟ್‌ವೇರ್ ಉಚಿತ, ಈ ಕೆಲಸಕ್ಕೆ ಸಾಕು. ಆಧಾರದ್ದು, ಹಾನಿಯ ನಂತರದ್ದು ಎರಡೂ ಸ್ಕ್ಯಾನ್ ತೆರೆಯುವಾಗ ನಿರ್ದೇಶಾಂಕಗಳು ದೊಡ್ಡದಿವೆ, ಸರಿಸಲೇ ಎಂದು ಅದು ಕೇಳುತ್ತದೆ. ಒಪ್ಪಿಕೊಳ್ಳಿ, ಎರಡಕ್ಕೂ ಒಂದೇ ಸಂಖ್ಯೆ ಕೊಡಿ. ಒಪ್ಪದಿದ್ದರೆ ಆರು ಅಂಕಿಯ ಮೀಟರ್ ನಿರ್ದೇಶಾಂಕಗಳು 32 ಬಿಟ್ ಸಂಖ್ಯೆಯಲ್ಲಿ 6 ಸೆಂಟಿಮೀಟರಿನಷ್ಟು ಒರಟಾಗಿಬಿಡಬಹುದು. ನಯವಾದ ಗೋಡೆ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ಇದರ ಲಕ್ಷಣ.

ಮುಂದೆ ಜೋಡಣೆ. ಇಡೀ ಡ್ರೈವನ್ನು ಆಯ್ದು ಸ್ವಯಂ ಜೋಡಣೆಗೆ ಬಿಟ್ಟರೆ, ಅದು ಎರಡು ಮೋಡಗಳ ನಡುವಿನ ಒಟ್ಟು ವ್ಯತ್ಯಾಸವನ್ನು ಕಡಿಮೆ ಮಾಡಲು ಹೋಗಿ ಹಾನಿಯ ಒಂದು ಪಾಲನ್ನು ಎದುರು ಗೋಡೆಗೆ ಹಂಚಿಬಿಡುತ್ತದೆ. ಅರ್ಧ ಮೀಟರಿನ ಹೊಂಡ 40 ಸೆಂಟಿಮೀಟರ್ ಆಗಿ, ಏನೂ ಆಗದ ಎದುರು ಗೋಡೆ 10 ಸೆಂಟಿಮೀಟರ್ ಹಿಂದೆ ಸರಿದಂತೆ ಕಂಡರೆ ಇದೇ ಕಾರಣ. ಹಾನಿಯಿಲ್ಲದ ಎರಡು ತುದಿಗಳನ್ನಷ್ಟೇ ಕತ್ತರಿಸಿ ಜೋಡಿಸಿ, ಬಂದ ಪರಿವರ್ತನೆಯನ್ನು ಪೂರ್ತಿ ಮೋಡಕ್ಕೆ ಅನ್ವಯಿಸಿ. ಆ ತುದಿಗಳಲ್ಲಿ ಉಳಿಯುವ ವ್ಯತ್ಯಾಸವೇ ನಿಮ್ಮ ಅಳತೆಯ ಮಿತಿ. ಅದು 3 ಸೆಂಟಿಮೀಟರ್ ಇದ್ದರೆ, 3 ಸೆಂಟಿಮೀಟರಿನೊಳಗಿನ ಯಾವ ಬಣ್ಣವನ್ನೂ ಹಾನಿ ಎನ್ನಬೇಡಿ.

ಆಮೇಲೆ ಎಂ3ಸಿ2 ಎಂಬ ಪ್ಲಗಿನ್ ಓಡಿಸಿ. ಅದು ಮೇಲ್ಮೈಗೆ ಲಂಬವಾಗಿ ದೂರ ಅಳೆಯುತ್ತದೆ, ನಮಗೆ ಬೇಕಾದದ್ದೂ ಅದೇ. ಒರಟು ಕಲ್ಲಿನ ಡ್ರೈವಿಗೆ ಶುರುವಿನ ಬೆಲೆಗಳು: ಬಿಂದುಗಳ ಅಂತರ 5 ಸೆಂಟಿಮೀಟರ್, ಲಂಬ ದಿಕ್ಕು ಕಂಡುಕೊಳ್ಳುವ ವ್ಯಾಸ 50 ಸೆಂಟಿಮೀಟರ್ ಅಥವಾ ಹೆಚ್ಚು, ಅಳೆಯುವ ಕೊಳವೆಯ ವ್ಯಾಸ 20 ಸೆಂಟಿಮೀಟರ್, ಗರಿಷ್ಠ ದೂರ ಅತಿ ಆಳದ ಹೊಂಡಕ್ಕಿಂತ ತುಸು ಹೆಚ್ಚು. ಆಧಾರ ಸ್ಕ್ಯಾನನ್ನೇ ಮೊದಲ ಮೋಡವಾಗಿ ಕೊಡಿ, ಏಕೆಂದರೆ ಲಂಬ ದಿಕ್ಕು ಮೂಲ ಗೋಡೆಯದಾಗಿರಬೇಕು. ಚಿಹ್ನೆ ಕೂಡಿಸುವಿಕೆಯೋ ಕಳೆಯುವಿಕೆಯೋ ಎಂಬುದನ್ನು ಕಣ್ಣಾರೆ ಕಂಡ ಒಂದು ಹೊಂಡದಲ್ಲಿ ಪರೀಕ್ಷಿಸಿಕೊಳ್ಳಿ. ನೆಲದ ಮೇಲಿನ ಕಲ್ಲಿನ ರಾಶಿಯನ್ನು ಹೋಲಿಕೆಯಿಂದ ಕತ್ತರಿಸಿ. ಇಲ್ಲದಿದ್ದರೆ ಅದು ನೆಲ ಎರಡು ಮೀಟರ್ ಉಬ್ಬಿದಂತೆ ತೋರುತ್ತದೆ. ನೆಲ ನಿಜವಾಗಿ ಉಬ್ಬಿದೆಯೇ ಎಂಬುದು ಕಲ್ಲು ಎತ್ತಿದ ಮೇಲೆ ಇನ್ನೊಂದು ಸ್ಕ್ಯಾನ್ ಮಾಡಿದರಷ್ಟೇ ಗೊತ್ತಾಗುವುದು.

ಟನ್ ಲೆಕ್ಕವನ್ನು ಎರಡು ದಾರಿಯಲ್ಲಿ ಮಾಡಿ. ಒಂದು, ಹೊಂಡದ ಘನಗಾತ್ರವನ್ನು ಶಿಲೆಯ ಸಾಂದ್ರತೆಯಿಂದ ಗುಣಿಸುವುದು. ಇನ್ನೊಂದು, ರಾಶಿಯ ಘನಗಾತ್ರವನ್ನು ಉಬ್ಬಿನ ಅಂಶದಿಂದ (ಒಡೆದ ಕಲ್ಲು ಗಟ್ಟಿ ಕಲ್ಲಿನ ಎಷ್ಟು ಪಟ್ಟು ಜಾಗ ಹಿಡಿಯುತ್ತದೆ ಎಂಬ ಸಂಖ್ಯೆ) ಭಾಗಿಸಿ, ಸಾಂದ್ರತೆಯಿಂದ ಗುಣಿಸುವುದು. ರಾಶಿ 18 ಘನಮೀಟರ್, ಉಬ್ಬು 1.5, ಸಾಂದ್ರತೆ ಘನಮೀಟರಿಗೆ 2.7 ಟನ್ ಎಂದಾದರೆ 12 ಘನಮೀಟರ್ ಗಟ್ಟಿ ಕಲ್ಲು, ಸುಮಾರು 32 ಟನ್, ಅಂದರೆ ಆರ್4. ಹೊಂಡದ ಲೆಕ್ಕ ಇದಕ್ಕಿಂತ ಬಹಳ ಕಡಿಮೆ ಬಂದರೆ ಒಡೆದ ಕಲ್ಲು ಇನ್ನೂ ಮೇಲೆ ಜಾಲರಿಯಲ್ಲಿ ನಿಂತು ಹೊಂಡವನ್ನು ಮುಚ್ಚಿರಬಹುದು. ಇದನ್ನು ದಾಖಲೆಯಲ್ಲಿ ಬರೆದು ಸುಮ್ಮನಾಗಬೇಡಿ, ಕೂಡಲೇ ಪಾಳಿ ಮೇಲ್ವಿಚಾರಕರಿಗೆ ತಿಳಿಸಿ. ಮೂರನೆಯ ಸಾಕ್ಷಿ ಲೋಡರಿನ ಬಕೆಟ್ ಎಣಿಕೆ. ಚಾಲಕರನ್ನು ಅಂದೇ ಕೇಳಬೇಕು, ವಾರ ಕಳೆದರೆ ಯಾರಿಗೂ ನೆನಪಿರುವುದಿಲ್ಲ.

ಕಲ್ಲು ಚಿಮ್ಮಿದ ವೇಗ ತಿಳಿಯಬೇಕಾದರೆ ಕಲ್ಲು ಹೊರಟ ಎತ್ತರ ಮತ್ತು ಮೊದಲು ನೆಲಕ್ಕೆ ಬಿದ್ದ ದೂರ ಬೇಕು. ಅಡ್ಡಡ್ಡ ಹೊರಟಿತು ಎಂದುಕೊಂಡರೆ, ಗುರುತ್ವ ವೇಗೋತ್ಕರ್ಷ 9.81ನ್ನು ಎತ್ತರದ ಎರಡರಷ್ಟರಿಂದ ಭಾಗಿಸಿ, ವರ್ಗಮೂಲ ತೆಗೆದು, ದೂರದಿಂದ ಗುಣಿಸುವುದು. ಎತ್ತರ 2 ಮೀಟರ್, ದೂರ 1.5 ಮೀಟರ್ ಆದರೆ ಸೆಕೆಂಡಿಗೆ 2.35 ಮೀಟರ್. ಹೊಂಡದ ಆಳ 0.75 ಮೀಟರ್ ಇದ್ದಲ್ಲಿ ಚದರ ಮೀಟರಿಗೆ 2025 ಕಿಲೋಗ್ರಾಂ ಕಲ್ಲು. ಚಲನಶಕ್ತಿ ಚದರ ಮೀಟರಿಗೆ ಸುಮಾರು 5.6 ಕಿಲೋಜೂಲ್. ಇದು ಆಸರೆಯನ್ನು ಮುರಿದ ಮೇಲೂ ಕಲ್ಲಿನಲ್ಲಿ ಉಳಿದಿದ್ದ ಶಕ್ತಿ ಮಾತ್ರ. ಆಸರೆ ನುಂಗಿದ್ದು ಇದರಲ್ಲಿಲ್ಲ. ಬಿದ್ದ ಕಲ್ಲು ಉರುಳಿ 3 ಮೀಟರ್ ದೂರಕ್ಕೆ ಹೋಗಿದ್ದು, ಆ ದೂರವನ್ನೇ ಲೆಕ್ಕಕ್ಕೆ ಹಿಡಿದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ನೆಲದ ಮೇಲಿನ ಜಜ್ಜಿದ ಗುರುತು, ಎದುರು ಗೋಡೆಯ ಬಿಳಿ ಪೆಟ್ಟು ಹುಡುಕಿ. ಸಿಗದಿದ್ದರೆ ಈ ಲೆಕ್ಕವೇ ಬೇಡ. ಎಲ್ಲಕ್ಕಿಂತ ದೂರ ಹಾರಿದ ಒಂದು ಚೂರಿನ ವೇಗವನ್ನು ಇಡೀ 32 ಟನ್ನಿಗೆ ಹಚ್ಚುವುದು ಆಸರೆ ವಿನ್ಯಾಸಕ್ಕೆ ತಪ್ಪು ಸಂಖ್ಯೆ ಕೊಟ್ಟಂತೆ.

ಘಟನೆಗೆ ಕಟ್ಟುವುದು, ಕಾಪಾಡುವುದು

ಹಾನಿಯ ದಾಖಲೆಯನ್ನು ಕಂಪನ ಘಟನೆಯ ಸಂಖ್ಯೆಗೆ ಕಟ್ಟುವಾಗ ಹತ್ತಿರದ ಘಟನೆ, ದೊಡ್ಡ ಘಟನೆ ಎಂಬ ಎರಡು ಆಮಿಷಗಳಿರುತ್ತವೆ. ಫೇಸಿನಲ್ಲೇ ಒತ್ತಡದಿಂದ ಕಲ್ಲು ಸಿಡಿದಾಗ ಮೂಲವೂ ಹಾನಿಯೂ ಒಂದೇ ಜಾಗ, ಪರಿಮಾಣ ತೀರ ಚಿಕ್ಕದಿರಬಹುದು. ಬಿರುಕು ಜಾರಿ ಆದ ದೊಡ್ಡ ಘಟನೆಯಲ್ಲಿ ಮೂಲ ನೂರಾರು ಮೀಟರ್ ದೂರವಿರಬಹುದು. ಜಾಲ ಕೊಟ್ಟ ಸ್ಥಾನದಲ್ಲೂ ತಪ್ಪಿರುತ್ತದೆ. ಆದ್ದರಿಂದ ಕೊಂಡಿ ಒಂದಕ್ಕೇ ಸೀಮಿತವಾಗದಿರಲಿ: ಹಾನಿ ಮತ್ತು ಘಟನೆಗಳ ನಡುವೆ ಪ್ರತ್ಯೇಕ ಕೊಂಡಿ ಕೋಷ್ಟಕ, ಅದರಲ್ಲಿ ‘ಖಚಿತ, ಸಂಭವ, ಊಹೆ’ ಎಂಬ ಒಂದು ಕಾಲಂ. ಘಟನೆಯ ಪರಿಮಾಣ, ಸ್ಥಾನಗಳನ್ನು ಹಾನಿಯ ಕೋಷ್ಟಕಕ್ಕೆ ನಕಲು ಮಾಡಬೇಡಿ. ಕಂಪನ ತಜ್ಞರು ಅದನ್ನು ಮುಂದಿನ ವಾರ ತಿದ್ದುತ್ತಾರೆ, ನಿಮ್ಮ ನಕಲು ಹಳೆಯದಾಗಿಯೇ ಉಳಿಯುತ್ತದೆ. ಈ ಕೋಷ್ಟಕಗಳನ್ನು ಇಡಲು ಸಣ್ಣ ಗಣಿಗೆ ಒಂದು ಎಸ್‌ಕ್ಯೂಲೈಟ್ ದತ್ತಾಂಶ ಫೈಲ್ ಸಾಕು, ಹಲವರು ಒಟ್ಟಿಗೆ ಬರೆಯುವುದಾದರೆ ಸರ್ವರಿನಲ್ಲಿ ನಡೆಯುವ ಪೋಸ್ಟ್‌ಜಿಐಎಸ್.

ಕೆಳಗಿಂದ ಬಂದ 24 ಗಂಟೆಯೊಳಗೆ, ಫಾರ್ಮ್ ತುಂಬಿದವರೇ ಕುಳಿತು ತಮ್ಮ ದಾಖಲೆಯನ್ನು ಫೋಟೊಗಳ ಎದುರು ಓದಬೇಕು. ಕಣ್ಣಂದಾಜಿನ ಆಳ ಮತ್ತು ಸ್ಕ್ಯಾನಿನ ಆಳ ಎರಡನ್ನೂ ಬೇರೆ ಬೇರೆ ಕಾಲಮಿನಲ್ಲಿ ಇಟ್ಟುಕೊಳ್ಳಿ, ಒಂದರ ಮೇಲೊಂದು ಬರೆಯಬೇಡಿ. ಐವತ್ತು ದಾಖಲೆ ಸೇರಿದ ಮೇಲೆ ಎರಡನ್ನೂ ಹೋಲಿಸಿದರೆ ನಿಮ್ಮ ತಂಡದ ಕಣ್ಣು ಎಷ್ಟು ಹೆಚ್ಚು ಅಥವಾ ಕಡಿಮೆ ನೋಡುತ್ತದೆ ಎಂಬುದು ಸಿಗುತ್ತದೆ. ಸ್ಕ್ಯಾನ್ ಇಲ್ಲದ ಹಳೆಯ ಕಾಗದದ ವರದಿಗಳನ್ನು ತಿದ್ದಿ ಓದಲು ಆ ಅನುಪಾತವನ್ನು ಬಳಸಬಹುದು. ಸ್ಕ್ಯಾನಿನ ಕಚ್ಚಾ ಫೈಲನ್ನು ಅಳಿಸಬೇಡಿ. ಸಂಸ್ಕರಿಸಿದ ಮೋಡದಲ್ಲಿ ಯಾರೋ ಕತ್ತರಿಸಿ ತೆಗೆದ ಕಲ್ಲಿನ ರಾಶಿಯೇ ಮುಂದೊಮ್ಮೆ ಬೇಕಾಗುವುದು.